ಮೋಡದ ಕಾಲು

ಭಾಲ್ಕಿಯಲ್ಲಿ ಮದುವೆ ಗೊತ್ತಾದರೆ ಜನ ಮೊದಲು ಅಡುಗೆಯವನನ್ನು ಹಿಡಿಯುತ್ತಾರೆ, ಆಮೇಲೆ ಗೌಸೋದ್ದೀನನನ್ನು. ಶಾಮಿಯಾನಾ, ಕುರ್ಚಿ, ಪಾತ್ರೆ, ವೇದಿಕೆ ಎಲ್ಲವೂ ಅವನ ಅಂಗಡಿಯಿಂದಲೇ ಬರಬೇಕು. ಐವತ್ತು ದಾಟಿದ ಸಣಕಲು ಮನುಷ್ಯ, ಮೆಹಂದಿ ಹಚ್ಚಿದ ಗಡ್ಡ, ಹಗ್ಗ ಎಳೆದೆಳೆದು ಜಡ್ಡುಗಟ್ಟಿದ ಅಂಗೈ. ಸಾವಿರಾರು ಮದುವೆಗೆ ನೆರಳು ಕಟ್ಟಿದ್ದಾನೆ, ಆದರೆ ಒಬ್ಬ ಮದುಮಗನ ಮುಖವೂ ಅವನಿಗೆ ನೆನಪಿಲ್ಲ. ಎಲ್ಲರೂ ವೇದಿಕೆ ನೋಡುವ ಹೊತ್ತಿನಲ್ಲಿ ಅವನು ಮೇಲಿನ ಬಟ್ಟೆ ನೋಡುತ್ತಿರುತ್ತಾನೆ, ಬಟ್ಟೆಯಾಚೆಯ ಆಕಾಶ ನೋಡುತ್ತಿರುತ್ತಾನೆ.

ಇದು ಶೋಕಿಯಲ್ಲ, ಹೊಟ್ಟೆಪಾಡು. ಶಾಮಿಯಾನಾದವನಿಗೆ ಗಾಳಿಯೇ ಯಮ. ಕೆಲವು ವರ್ಷಗಳ ಹಿಂದೆ ಜನವಾಡದಲ್ಲಿ ಮೇ ತಿಂಗಳ ಒಂದು ಮಧ್ಯಾಹ್ನ ಗಾಳಿ ಬಟ್ಟೆಯೊಳಗೆ ನುಗ್ಗಿ, ಇಡೀ ಪೆಂಡಾಲನ್ನು ಎತ್ತಿ ಒಗೆದಿತ್ತು. ಕಬ್ಬಿಣದ ಕಂಬವೊಂದು ಅವನ ಜೊತೆ ಇಪ್ಪತ್ತು ವರ್ಷದಿಂದ ಕೆಲಸ ಮಾಡುವ ನರಸಿಂಗನ ತೊಡೆಯ ಮೇಲೆ ಬಿತ್ತು. ನರಸಿಂಗ ಈಗಲೂ ಎಡಗಾಲು ಎಳೆದುಕೊಂಡೇ ನಡೆಯುತ್ತಾನೆ. ಅವನು ನಡೆಯುವುದನ್ನು ನೋಡಿದಾಗಲೆಲ್ಲ ಗೌಸೋದ್ದೀನ ಮತ್ತೊಮ್ಮೆ ಆಕಾಶ ನೋಡುತ್ತಾನೆ.

ಹಾಗಾಗಿ ಬೀದರಿನಲ್ಲಿ ಸಿಡಿಲು ಮಳೆಯ ಸುದ್ದಿ ಕೊಡುವ ಸ್ವಯಂಸೇವಕರು ಬೇಕಾಗಿದ್ದಾರೆ ಎಂದು ತಿಳಿದಾಗ, ಯಾರೂ ಕರೆಯದೆಯೇ ತರಬೇತಿಗೆ ಹೋಗಿ ಮುಂದಿನ ಸಾಲಿನಲ್ಲಿ ಕುಳಿತ. ಅಲ್ಲಿ ಹೇಳಿಕೊಟ್ಟಿದ್ದು ಹೆಚ್ಚೇನಿಲ್ಲ. ಉಪಗ್ರಹಕ್ಕೆ ಕಾಣುವುದು ಮೋಡದ ನೆತ್ತಿ ಮಾತ್ರ, ಅದರ ಹೊಟ್ಟೆಯ ಕೆಳಗೆ ಏನು ನಡೆದಿದೆ ಎಂಬುದು ನೆಲದ ಮೇಲೆ ನಿಂತವನಿಗೇ ಗೊತ್ತು. ಅವನು ಕಂಡದ್ದನ್ನು ಕೂಡಲೇ ಹೇಳಿದರೆ ಮುಂದಿನ ಊರಿನವರು ಹೊಲದಿಂದ ಮನೆ ಸೇರುತ್ತಾರೆ. ಫೋನ್ ಮಾಡಿದರೆ ಬೀದರಿನ ಕಂಟ್ರೋಲ್ ರೂಮಿನವರು ಮೂರು ಪ್ರಶ್ನೆ ಕೇಳುತ್ತಾರೆ: ಎಲ್ಲಿ ನಿಂತಿದ್ದೀರಿ, ಯಾವ ದಿಕ್ಕಿಗೆ ನೋಡುತ್ತಿದ್ದೀರಿ, ಏನು ಕಾಣುತ್ತಿದೆ. ಕಂಡಷ್ಟೇ ಹೇಳಬೇಕು. ಅನಿಸಿದ್ದು, ಹೆದರಿದ್ದು, ಯಾರೋ ಅಂದದ್ದು ಬೇಡ.

ಗೌಸೋದ್ದೀನ ಎಡವಿದ್ದು ಇಲ್ಲಿಯೇ.

ಏಪ್ರಿಲ್‌ನಲ್ಲಿ ಔರಾದದ ಬಸವಣ್ಣೆಪ್ಪನವರ ಮಗನ ಮದುವೆ. ಅಕ್ಷತೆಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಉದಗೀರದ ಕಡೆಯಿಂದ ಎದ್ದ ಮೋಡದ ತಲೆ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಹರಡಿ, ನೋಡನೋಡುತ್ತ ಔರಾದದ ಮೇಲೆಲ್ಲ ಚಾಚಿತು. ಬಿಸಿಲು ಆರಿತು. ಗೌಸೋದ್ದೀನನಿಗೆ ಜನವಾಡ ನೆನಪಾಯಿತು, ನರಸಿಂಗನ ತೊಡೆ ನೆನಪಾಯಿತು. ಫೋನ್ ತೆಗೆದು ‘ಔರಾದದ ಮ್ಯಾಲೇ ಬಂದದ’ ಎಂದುಬಿಟ್ಟ. ಅಷ್ಟಕ್ಕೆ ಸುಮ್ಮನಿದ್ದನೇ? ವೇದಿಕೆಯ ಮೇಲೆ ಹತ್ತಿ ಮೈಕ್ ಕಸಿದುಕೊಂಡು ‘ಓಡ್ರಿ’ ಎಂದು ಕೂಗಿದ. ಜನ ಎದ್ದುಬಿದ್ದು ಓಡಿದರು. ಊಟದ ಪಂಕ್ತಿ ಚೆಲ್ಲಾಪಿಲ್ಲಿಯಾಯಿತು, ಮದುಮಗಳು ಸೀರೆ ತೊಡರಿ ಬಿದ್ದಳು, ಬೀಗರು ಸಿಟ್ಟಾದರು. ಒಂದೇ ಒಂದು ಹನಿ ಬೀಳಲಿಲ್ಲ. ಮೋಡದ ತಲೆ ಔರಾದದ ಮೇಲಿತ್ತು ನಿಜ, ಆದರೆ ಅದರ ಕಾಲು, ಅಂದರೆ ಮಳೆ ನೆಲ ಮುಟ್ಟುವ ಜಾಗ, ರಾಜ್ಯದ ಗಡಿಯಾಚೆಗೆ ಬಹಳ ದೂರವಿತ್ತು. ಅದು ಗಡಿ ಹಿಡಿದುಕೊಂಡೇ ದೇಗಲೂರ ಕಡೆ ಹೊರಟುಹೋಯಿತು.

ಇವನ ಕಸುಬಿನಲ್ಲಿ ಒಂದು ರೂಢಿಯಿದೆ. ಮದುವೆ ಮುಗಿದು ಶಾಮಿಯಾನಾ ಇಳಿಸಿದಾಗ, ಮೊದಲ ಬಟ್ಟೆ ಮಡಚಲು ಮದುವೆ ಮನೆಯವರಲ್ಲಿ ಒಬ್ಬರು ಬಂದು ಇನ್ನೊಂದು ತುದಿ ಹಿಡಿಯುತ್ತಾರೆ. ನಿನ್ನ ನೆರಳು ತಂಪಾಗಿತ್ತು ಎಂದು ಹೇಳುವ ಬಗೆ ಅದು. ಔರಾದದಲ್ಲಿ ಯಾರೂ ಬರಲಿಲ್ಲ. ಗೌಸೋದ್ದೀನ ಬಟ್ಟೆಯ ತುದಿ ಹಿಡಿದು ಕಾದ. ಮನೆಯವರು ಜಗುಲಿಯ ಮೇಲೆ ಕುಳಿತೇ ಇದ್ದರು. ಕೊನೆಗೆ ನರಸಿಂಗನೇ ಕುಂಟುತ್ತ ಬಂದು ಹಿಡಿದ. ಊರ ಬಾಯಿಗೆ ಮುಚ್ಚಳವಿಲ್ಲ. ವಾರದೊಳಗೆ ಭಾಲ್ಕಿಯ ಚಹಾದ ಅಂಗಡಿಗಳಲ್ಲಿ ಅವನ ಹೆಸರು ‘ಗಾಳಿ ಗೌಸ್’ ಆಗಿತ್ತು.

ಅಂಥ ಹೊತ್ತಿನಲ್ಲಿ ಬಂದದ್ದು ಸಾಯಗಾಂವದ ಕಾಶೀರಾಮನ ಮಗಳು ಕರುಣಾಳ ಮದುವೆ. ಕಾಶೀರಾಮ ಸೋಯಾ, ತೊಗರಿ ಬೆಳೆಯುವ ಗಟ್ಟಿ ರೈತ. ಬೌದ್ಧರ ಮನೆ. ಗಂಡಿನವರು ಬೀದರಿನ ಚಿದ್ರಿಯವರು. ಅಂಗಡಿಗೆ ಬಂದವನು ಕುರ್ಚಿಯ ಬಣ್ಣ ಕೇಳಲಿಲ್ಲ, ಬಟ್ಟೆಯ ಬಣ್ಣ ಕೇಳಲಿಲ್ಲ.

“ಗೌಸ್ ಭಾಯಿ, ಬ್ಯಾರೆಯವ್ರು ನಿಮ್ಮ ಕಡಿ ಹೋಗಬ್ಯಾಡ ಅಂದ್ರು. ನಮ್ಮ ಅಪ್ಪನ ಕಾಲದಿಂದ ನಿಮ್ಮದೇ ಶಾಮಿಯಾನಾ ಅಂತ ಬಂದೀನಿ. ಆದ್ರ ಒಂದು ಮಾತು ಕೊಡ್ರಿ. ಪೆಂಡಾಲ್ ನಿಮ್ದು, ಆಕಾಶ ನಿಮ್ದಲ್ಲ. ನನ್ನ ಮಗಳ ಲಗ್ನದಾಗ ಮೋಡದ ಸುದ್ದಿ ತೆಗೀಬ್ಯಾಡ್ರಿ.”

“ಖರೇನೇ ಬಂದ್ರ ಹ್ಯಾಂಗ್ರಿ, ಕಾಶೀರಾಮಣ್ಣ?”

“ಬಂದ್ರ ನಾವು ನೋಡ್ಕೋತೇವ್ರಿ. ಬೀಗರ ಮುಂದ ನಗಿಪಾಟಲು ಆಗೋದು ಬ್ಯಾಡ. ಮಾತು ಕೊಡ್ತೀರಿಲ್ಲೋ?”

ಆ ತಿಂಗಳಲ್ಲಿ ಅವನಿಗಿದ್ದದ್ದು ಅದೊಂದೇ ಮದುವೆ. ಗೌಸೋದ್ದೀನ ಮಾತು ಕೊಟ್ಟ.

ಮದುವೆಯ ದಿನ ಬೆಳಿಗ್ಗೆ ಅವನು ಹೊರಡುವಾಗ ಹೆಂಡತಿ ಶಮೀಮ ರೊಟ್ಟಿಯ ಗಂಟು ಕೈಗಿಡುತ್ತ, “ಆಜ್ ಜರಾ ಜಬಾನ್ ಕೋ ಗಾಂಠ್ ಮಾರ್ಕೇ ರಖ್ಖೋ ಜೀ” ಅಂದಳು. ಇವತ್ತೊಂದು ದಿನ ನಾಲಿಗೆಗೆ ಗಂಟು ಹಾಕಿಕೊಂಡಿರಿ ಎಂದು. ಹಗ್ಗಕ್ಕೆ ಗಂಟು ಹಾಕುವುದು ಗೌಸೋದ್ದೀನನಿಗೆ ನೀರು ಕುಡಿದಷ್ಟು ಸುಲಭ. ನಾಲಿಗೆಯದು ಬೇರೆ ಮಾತು. ಆದರೂ ತಲೆಯಾಡಿಸಿ ಹೊರಟ.

ಸಾಯಗಾಂವದ ಅಂಚಿನಲ್ಲಿ ಕಾಶೀರಾಮನ ಖಾಲಿ ಹೊಲ. ಅದರ ನಡುವೆ ಪೆಂಡಾಲ್. ಅದರ ಹಿಂದೆ ಕನಾತು ಕಟ್ಟಿ, ಅಂದರೆ ಬಟ್ಟೆಯ ಗೋಡೆ ಎಬ್ಬಿಸಿ, ಅಡುಗೆಗೆ ಜಾಗ ಮಾಡಿದ್ದರು. ಒಂದು ಕೂಗಳತೆಯ ದೂರದಲ್ಲಿ ಊರಿನ ಸಾಲೆ. ಅದು ಸ್ಲ್ಯಾಬಿನ ಗಟ್ಟಿ ಕಟ್ಟಡ. ಬೀಗರು ಇಳಿದುಕೊಳ್ಳಲೆಂದು ಅದರ ಬಾಗಿಲುಗಳನ್ನೆಲ್ಲ ತೆರೆಸಿ ಗುಡಿಸಿಟ್ಟಿದ್ದರು. ಗೌಸೋದ್ದೀನ ಕಂಬ ನೆಡುವ ಮೊದಲೇ ಅಲ್ಲಿಗೆ ಹೋಗಿ ಕೋಣೆಗಳನ್ನು ಒಳಹೊಕ್ಕು ನೋಡಿ ಬಂದಿದ್ದ. ಬಾಯಿಗೆ ಗಂಟು ಹಾಕಿದ್ದ, ಕಣ್ಣಿಗೆ ಹಾಕಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಪೆಂಡಾಲು ತುಂಬಿತು. ವೇದಿಕೆಯ ಮೇಲೆ ಹಿತ್ತಾಳೆಯ ಬುದ್ಧ, ಪಕ್ಕದಲ್ಲಿ ಬಾಬಾಸಾಹೇಬರ ಫೋಟೊ, ಮುಂದೆ ಮೇಣದ ಬತ್ತಿ. ಮದುವೆ ಮಾಡಿಸುವ ಭಿಕ್ಷು, ಬಂತೇಜಿ, ಬಂದು ಕುಳಿತಿದ್ದರು. ಬಿಳಿ ಸೀರೆಯುಟ್ಟ ಕರುಣಾ ಮುಂದಿನ ಸಾಲಿನ ಕುರ್ಚಿಯಲ್ಲಿ, ಅಜ್ಜಿಯ ಪಕ್ಕದಲ್ಲಿ ತಲೆ ತಗ್ಗಿಸಿ ಕುಳಿತಿದ್ದಳು. ಅಜ್ಜಿ ಭಾಗೀರಥಿಬಾಯಿ, ಕಾಶೀರಾಮನ ತಾಯಿ, ಎಂಬತ್ತರ ಮುದುಕಿ, ಬೀಸಣಿಗೆಯಿಂದ ಮೊಮ್ಮಗಳಿಗೆ ಗಾಳಿ ಹಾಕುತ್ತಿದ್ದಳು. ಪಂಚಾಂಗ, ಮುಹೂರ್ತ ಯಾವುದೂ ಇಲ್ಲದ ಮದುವೆ. ಹೇಳಿದ ಹೊತ್ತಿಗೆ ಗಂಡು ಬಂದರೆ ಆಯಿತು. ಆದರೆ ಗಂಡೇ ಬಂದಿರಲಿಲ್ಲ. ಚಿದ್ರಿಯವರು ತಡವಾಗಿ ಬಂದು, ಈಗ ಊರ ಬಾಗಿಲಲ್ಲಿ ಹಾಡು ಹಾಕಿಕೊಂಡು ಕುಣಿಯುತ್ತಿದ್ದರು. ಒಂದು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ. ಕಾಶೀರಾಮ ಅವರನ್ನು ಕರೆತರಲು ತಾನೇ ಹೋದ.

ಝಳ ಎಂದರೆ ಅಂಥ ಝಳ. ಕುಳಿತವರ ಅಂಗಿ ಬೆನ್ನಿಗಂಟಿತ್ತು.

ಗೌಸೋದ್ದೀನನ ಕಣ್ಣು ಶಾಮಿಯಾನಾದ ಅಂಚಿಗೆ ತೂಗುವ ಝಾಲರಿಯ ಮೇಲಿತ್ತು. ಬೆಳಿಗ್ಗೆಯಿಂದ ಅದು ಭಾಲ್ಕಿಯ ಕಡೆ ಹಾರುತ್ತಿತ್ತು. ಈಗ ತಿರುಗಿತು. ಪಡುವಣಕ್ಕೆ, ನಿಲಂಗಾದ ಕಡೆ ಚಾಚಿಕೊಂಡಿತು, ಯಾರೋ ಆ ಕಡೆಯಿಂದ ಎಳೆದ ಹಾಗೆ. ದೊಡ್ಡ ಮೋಡ ಹತ್ತಿರ ಬರುವಾಗ ಸುತ್ತಲಿನ ಗಾಳಿಯನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ ಎಂದು ಬೀದರಿನಲ್ಲಿ ಹೇಳಿಕೊಟ್ಟಿದ್ದರು. ಹೇಳಿಕೊಡದಿದ್ದರೂ ಅವನಿಗೆ ಗೊತ್ತಿತ್ತು. ಕನಾತಿನ ಸಂದಿಯಿಂದ ಹೊರಬಂದು ಪಡುವಣಕ್ಕೆ ನೋಡಿದ. ಮೋಡ ಎದ್ದಿತ್ತು. ಹೂಕೋಸಿನಂತೆ ಉಬ್ಬುಬ್ಬಿ ಮೇಲೇರಿ, ತಲೆ ಚಪ್ಪಟೆಯಾಗಿ ಸಾಯಗಾಂವದ ನೆತ್ತಿಯವರೆಗೂ ಬಂದಿತ್ತು.

ಇದೇ ತಲೆ ನೋಡಿಯೇ ಅಲ್ಲವೇ ಔರಾದದಲ್ಲಿ ಮಾನ ಕಳೆದುಕೊಂಡಿದ್ದು. ಈಗ ಕೈ ಫೋನಿನ ಕಡೆ ಹೋಯಿತು, ಅರ್ಧಕ್ಕೇ ನಿಂತಿತು. ಬಿಸಿ ಹಾಲು ಕುಡಿದ ಬೆಕ್ಕಿನ ಪಾಡು. ಕಾಲು ನೋಡಬೇಕು, ಕಾಲು. ಆದರೆ ಎದುರಿಗೆ ಬೇವಿನ ಗಿಡಗಳು, ಅವುಗಳಾಚೆ ಕಬ್ಬು. ಮೋಡದ ಬುಡ ಕಾಣುತ್ತಿಲ್ಲ.

ಕುಂಟುತ್ತ ಬಂದ ನರಸಿಂಗ ಅವನ ಮುಖ ನೋಡಿಯೇ ಅರ್ಥ ಮಾಡಿಕೊಂಡ. “ಅಣ್ಣಾ, ಮಾತು ಕೊಟ್ಟೀರಿ. ಸುಮ್ಮ ಇರ್ರಿ. ಈ ಸಲ ತಪ್ಪಿದ್ರ ಭಾಲ್ಕಿ ತಾಲ್ಲೂಕಿನಾಗ ನಮ್ಮನ್ನ ಯಾರೂ ಕರೆಯಂಗಿಲ್ಲ.”

“ಗೊತ್ತದ ನರಸಿಂಗ,” ಎಂದ ಗೌಸೋದ್ದೀನ. “ನೋಡಂಗಿಲ್ಲ ಅಂತ ಮಾತು ಕೊಟ್ಟಿಲ್ಲಲ್ಲ.”

ಹೊಲದ ಮೂಲೆಯಲ್ಲಿ ಬಾವಿ ತೋಡಿದ ಮಣ್ಣಿನ ದಿಬ್ಬವಿತ್ತು. ಸಿಡಿಲಿನ ಹೊತ್ತಿನಲ್ಲಿ ದಿಬ್ಬ ಹತ್ತಬಾರದು ಎಂಬುದು ತರಬೇತಿಯ ಮೊದಲ ಪಾಠ. ಗುಡುಗು ಇನ್ನೂ ದೂರವಿದೆ, ಕಿವಿಗೆ ಬಿದ್ದಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ಹತ್ತಿದ. ಅಲ್ಲಿಂದ ಕಬ್ಬಿನಾಚೆಯ ಬಯಲು ಕಂಡಿತು.

ಕಾಲು ಕಂಡಿತು. ಮೋಡದ ಬುಡ ಹಂಚಿನ ತಳದಂತೆ ಸಪಾಟ, ಕರ್ರಗೆ. ಅದರಿಂದ ನೆಲದವರೆಗೆ ಇಳಿಬಿಟ್ಟ ಮಳೆಯ ಪರದೆ, ಆ ಪರದೆಯ ನಡುವೆ ಒಂದು ಬಿಳಿಚಿದ ಪಟ್ಟಿ. ಬಿಳಿ ಎಂದರೆ ಆಣೆಕಲ್ಲು. ಪರದೆಯ ಮುಂದೆ ನೆಲಕ್ಕೆ ತಾಗಿದಂತೆ ಕೆಂಪು ಧೂಳಿನ ಉರುಳೆ. ಅದು ಬಿರುಗಾಳಿ. ಎಲ್ಲವೂ ಕಂಡಿತು, ಒಂದನ್ನು ಬಿಟ್ಟು. ಅದು ಇತ್ತ ಬರುತ್ತಿದೆಯೋ, ಔರಾದದ ಮೋಡದಂತೆ ಪಕ್ಕಕ್ಕೆ ಸರಿದು ಹೋಗುತ್ತದೋ?

ಔರಾದದ ನಂತರ ರಾತ್ರಿಗಳಲ್ಲಿ ನಿದ್ದೆ ಬಾರದೆ ಅವನು ಇದನ್ನೇ ಯೋಚಿಸಿದ್ದ. ದಿಬ್ಬದಿಂದ ಇಳಿದು, ಪೆಂಡಾಲಿನ ಪಡುವಣ ಮೂಲೆಗೆ ಬಂದ. ಅಲ್ಲಿಂದ ಎರಡು ಬೇವಿನ ನಡುವೆ ಬಿಳಿಪಟ್ಟಿ ಸ್ವಲ್ಪವೇ ಕಾಣುತ್ತಿತ್ತು. ತಾನೇ ನೆಟ್ಟ ಕಂಬದ ಹಿಂದೆ ನಿಂತು, ಒಂದು ಕಣ್ಣು ಮುಚ್ಚಿ, ಆ ಬಿಳಿಪಟ್ಟಿಯನ್ನು ಕಂಬದ ನೇರಕ್ಕೆ ಹಿಡಿದ. ಮೋಡ ಪಕ್ಕಕ್ಕೆ ಹೋಗುವುದಾದರೆ ಪಟ್ಟಿ ಕಂಬದಿಂದ ಆಚೆಗೋ ಈಚೆಗೋ ಜಾರಬೇಕು. ಕದಲದೆ ನಿಂತು ನೋಡಿದ. ಊರ ಬಾಗಿಲಿನಿಂದ ಹಾಡು ಕೇಳುತ್ತಿತ್ತು, ಪೆಂಡಾಲಿನೊಳಗಿಂದ ಮಕ್ಕಳ ಅಳು. ಜಾರು, ಅಂದುಕೊಂಡ. ಯಾ ಅಲ್ಲಾ, ಜಾರಲಿ. ನನ್ನ ಮಾತೂ ಉಳಿಯಲಿ, ಈ ಜನರೂ ಉಳಿಯಲಿ.

ಪಟ್ಟಿ ಜಾರಲಿಲ್ಲ. ಕಂಬದ ಹಿಂದೆಯೇ ನಿಂತು ಎರಡೂ ಕಡೆ ದಪ್ಪವಾಗುತ್ತ ಹೋಯಿತು.

ಫೋನ್ ಎತ್ತಿದವನು ಕಂಟ್ರೋಲ್ ರೂಮಿನ ಸುಶೀಲಕುಮಾರ. ಏಪ್ರಿಲ್‌ನಲ್ಲಿ ಔರಾದದ ಸುದ್ದಿ ತೆಗೆದುಕೊಂಡು ಮೇಲಿನವರಿಂದ ಬೈಸಿಕೊಂಡವನೂ ಅವನೇ.

“ಗೌಸ್ ಭಾಯಿ,” ಎಂದ. “ಹೇಳ್ರಿ. ಎಲ್ಲಿ ನಿಂತೀರಿ?”

“ಸಾಯಗಾಂವದಾಗ, ಊರ ಹೊರಗಿನ ಹೊಲದಾಗ.”

“ಎತ್ತ ನೋಡ್ಲತ್ತೀರಿ?”

“ಪಡುವಣಕ್ಕ. ನಿಲಂಗಾ ಕಡಿ.”

“ಏನು ಕಾಣ್ತದ? ಕಂಡದ್ದಷ್ಟೇ ಹೇಳ್ರಿ ಮತ್ತ.”

“ಮಳಿ ನೆಲಕ್ಕ ಮುಟ್ಟ್ಯಾದ. ನಡುವ ಬಿಳಿ ಪಟ್ಟಿ ಅದ, ಆಣಿಕಲ್ಲು. ಮುಂದ ಧೂಳು ಉರುಳ್ಕೋತ ಬರ್ಲತ್ತದ. ಮೋಡದ ತಲಿ ಹೇಳ್ಲತ್ತಿಲ್ಲರಿ ನಾ, ಕಾಲು ಹೇಳ್ಲತ್ತೀನಿ.”

“ಪಕ್ಕಕ್ಕ ಸರೀಲತ್ತದೇನು?”

“ಇಲ್ಲ. ಕಂಬ ಇಟ್ಟು ನೋಡೀನಿ. ಸರೀಲತ್ತಿಲ್ಲ, ದಪ್ಪ ಆಗ್ಲತ್ತದ.”

ಆ ಕಡೆ ಸುಶೀಲಕುಮಾರ ಬರೆದುಕೊಳ್ಳುತ್ತಿದ್ದ. ಅಷ್ಟರಲ್ಲಿ ಪಡುವಣದಲ್ಲಿ ಮಿಂಚು ಹೊಳೆಯಿತು. ಗೌಸೋದ್ದೀನ ಬೆರಳು ಮಡಚುತ್ತ ಎಣಿಸಿದ. ಮೂವತ್ತಕ್ಕೆ ಮೊದಲೇ ಗುಡುಗು ಮುಟ್ಟಿದರೆ ಬಯಲಲ್ಲಿ ಇರಬಾರದು ಎಂಬುದು ಲೆಕ್ಕ. ಇಪ್ಪತ್ತು ದಾಟುವ ಮೊದಲೇ ನೆಲದೊಳಗಿಂದ ಬಂದಂತೆ ಗುಡುಗಿತು. ಅದು ಫೋನಿನಲ್ಲಿ ಸುಶೀಲಕುಮಾರನಿಗೂ ಕೇಳಿಸಿತು.

“ಸಾಕು,” ಎಂದ ಅವನು. “ಸಾಯಗಾಂವ, ಭಾಲ್ಕಿ, ಜನವಾಡ ಎಲ್ಲಾ ಕಡಿ ಕಳಸ್ತೀನಿ. ನೀವು ಮೊದಲ ಒಳಗ ಹೋಗ್ರಿ.”

ಒಳಗೆ ಹೋಗುವುದು! ತನ್ನ ಬಟ್ಟೆಯ ಕೆಳಗೆ ಊರಿಗೆ ಊರೇ ಕುಳಿತಿರುವಾಗ.

ಪೆಂಡಾಲಿಗೆ ಬರುವಷ್ಟರಲ್ಲಿ ಎಚ್ಚರಿಕೆಯ ಸಂದೇಶ ಬಂದು ಹತ್ತಾರು ಫೋನುಗಳು ಕಿರುಚಿದವು. ಕೆಲವರು ತೆಗೆದು ನೋಡಿದರು. ಒಬ್ಬ ಗಟ್ಟಿಯಾಗಿ, “ಯಾಕ ಭಾಯಿ, ಮತ್ತ ಗಾಳಿ ಬಿಟ್ರೇನು?” ಅಂದ. ಸುತ್ತಲಿನವರು ನಕ್ಕರು. ಯಾರೂ ಏಳಲಿಲ್ಲ. ಮೇಲೆ ಝಾಲರಿ ಒಮ್ಮೆಲೇ ಸತ್ತಂತೆ ಜೋತುಬಿತ್ತು. ಎಳೆಯುವ ಗಾಳಿ ನಿಂತಿತು. ಇನ್ನು ಬರುವುದು ತಳ್ಳುವ ಗಾಳಿ.

ಮೈಕ್ ಅಲ್ಲೇ ಇತ್ತು. ಗೌಸೋದ್ದೀನ ಅದನ್ನು ಮುಟ್ಟಲಿಲ್ಲ. ಔರಾದದಲ್ಲಿ ಜನರನ್ನು ಓಡಿಸಿದ್ದ. ಇಲ್ಲಿ ಓಡಿಸಿದರೆ ನಗುತ್ತಾರೆ, ನಗದಿದ್ದರೆ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಓಡಿಸಬಾರದು, ನಡೆಸಬೇಕು. ಯಾವುದನ್ನು ಹಿಂಬಾಲಿಸಿ ನಡೆದಾರು ಈ ಜನ? ಹಾಗೆಂದುಕೊಂಡು ಕಣ್ಣು ಹಾಯಿಸಿದಾಗ ವೇದಿಕೆಯ ಮೇಲಿನ ಹಿತ್ತಾಳೆಯ ಬುದ್ಧ ಕಂಡ. ಇಷ್ಟು ವರ್ಷ ಈ ಜನರ ಮದುವೆಗೆ ಪೆಂಡಾಲ್ ಹಾಕಿದ್ದಾನೆ. ಇವರಲ್ಲಿ ಹೋಮದ ಕುಂಡವಿಲ್ಲ, ಹಂದರದ ಕಂಬಕ್ಕೆ ಪೂಜೆಯಿಲ್ಲ. ಮೂರ್ತಿಯ ಎದುರು ನಿಂತು ಮಾತು ಕೊಟ್ಟರೆ ಅದೇ ಮದುವೆ. ಮೂರ್ತಿ ಎಲ್ಲಿಯೋ ಮದುವೆ ಅಲ್ಲಿ.

ಭಾಗೀರಥಿಬಾಯಿಯ ಎದುರು ಮೊಣಕಾಲೂರಿ ಕುಳಿತ.

“ಆಯಿ, ನಿಮ್ಮ ಮಗನಿಗಿ ಮಾತು ಕೊಟ್ಟಿದ್ದೆ. ಮುರೀಲತ್ತೀನಿ. ಭಾಳ ಕೆಟ್ಟ ಗಾಳಿ ಬರ್ಲತ್ತದ. ಈ ಕಂಬ ನಿಲ್ಲಂಗಿಲ್ಲ. ಮೂರ್ತಿ ನಾ ಮುಟ್ಟೋದಲ್ರಿ. ನೀವು ಎತ್ತಿಕೊಂಡು ಸಾಲಿಗೆ ನಡದ್ರ ಎಲ್ಲಾರೂ ನಿಮ್ಮ ಹಿಂದ ಬರ್ತಾರ.”

ಮುದುಕಿ ಬೀಸಣಿಗೆ ನಿಲ್ಲಿಸಿ ಅವನನ್ನೇ ನೋಡಿದಳು.

“ಕಣ್ಣಾರೆ ಕಂಡಿಯೇನು?”

“ಕಂಡೀನಿ ಆಯಿ.”

“ನಮ್ಮ ತಂಗಿ ಹುಲ್ಲಿನ ಹೊರಿ ಹೊತ್ಕೊಂಡು ಬೇವಿನ ಗಿಡದ ಕೆಳಗ ನಿಂತಿದ್ಲು,” ಎಂದಳು ಭಾಗೀರಥಿಬಾಯಿ. “ಸಿಡಿಲು ಹೊಡದು ನಿಂತಲ್ಲೇ ಹೋದ್ಲು. ಆಗ ಹೇಳವ್ರು ಯಾರೂ ಇದ್ದಿಲ್ಲಪ್ಪ.” ಬೀಸಣಿಗೆಯನ್ನು ಕುರ್ಚಿಯಲ್ಲೇ ಬಿಟ್ಟು, ಮೊಮ್ಮಗಳ ಭುಜ ಹಿಡಿದು ಎದ್ದಳು. “ಕರುಣಾ, ಬಾಬಾಸಾಹೇಬರ ಫೋಟೊ ತಗೋ.”

ಮುದುಕಿ ವೇದಿಕೆ ಹತ್ತಿ, ಬುದ್ಧನನ್ನು ಎದೆಗೊತ್ತಿಕೊಂಡು ಇಳಿದಳು. ಹಿಂದೆ ಬಿಳಿ ಸೀರೆಯ ಮದುಮಗಳು, ಅವಳ ಹಿಂದೆ ಬಂತೇಜಿ. ಬಂತೇಜಿ ಏನನ್ನೂ ಕೇಳಲಿಲ್ಲ, ‘ಬುದ್ಧಂ ಸರಣಂ’ ಎಂದು ಶುರುಮಾಡಿಯೇಬಿಟ್ಟರು. ಮೂರ್ತಿ ನಡೆದ ಮೇಲೆ ಕುಳಿತಿರುವವರು ಯಾರು? ಮುಂದಿನ ಸಾಲು ಎದ್ದಿತು, ಅದರ ಹಿಂದಿನದು ಎದ್ದಿತು. ಗೇಲಿ ಮಾಡಿದವನೂ ಎದ್ದು ಕೈಮುಗಿದುಕೊಂಡು ನಡೆದ. ಯಾರೂ ಓಡಲಿಲ್ಲ. ಹೊಲದ ಬದುವಿನ ಮೇಲೆ ಬಿಳಿ ಬಟ್ಟೆಯವರ ಸಾಲು ಸಾಲೆಯ ಕಡೆ ಹರಿಯಿತು.

ಸಾಲೆಯ ದಾರಿಯಲ್ಲಿ ದಿಬ್ಬಣ ಎದುರಾಯಿತು. ಮುಂದೆ ಕಾಶೀರಾಮ. ತನ್ನ ಮಗಳು ಬಾಬಾಸಾಹೇಬರ ಫೋಟೊ ಹಿಡಿದುಕೊಂಡು ಪೆಂಡಾಲು ಬಿಟ್ಟು ಬರುತ್ತಿರುವುದನ್ನು, ಸಾಲಿನ ಪಕ್ಕದಲ್ಲಿ ಗೌಸೋದ್ದೀನ ಕೈಬೀಸಿ ಜನರನ್ನು ಕಳಿಸುತ್ತಿರುವುದನ್ನು ನೋಡಿ ಅವನ ಮುಖ ಕಪ್ಪಿಟ್ಟಿತು.

“ಗೌಸ್ ಭಾಯಿ! ಇದೇನ್ರಿ ನೀವು ಕೊಟ್ಟ ಮಾತು? ಬೀಗರ ಮುಂದ ನನ್ನ ಮಾರಿಗಿ ಮಸಿ ಹಚ್ಚಿದ್ರಲ್ಲ!”

“ಬೈರಿ, ಆಮ್ಯಾಲ ಎಷ್ಟರ ಬೈರಿ,” ಎಂದು ಗೌಸೋದ್ದೀನ ಕೂಗಿದ. “ಮೊದಲ ಬೀಗರನ್ನ ಸಾಲಿ ಒಳಗ ಹಾಕ್ರಿ. ಅಲ್ಲಿ ನೋಡ್ರಿ!”

ಕಾಶೀರಾಮ ತಿರುಗಿ ನೋಡಿದ. ಬೇವಿನ ಗಿಡಗಳ ಹಿಂದೆ ಆಕಾಶವಿರಲಿಲ್ಲ. ಕೆಂಪು ಧೂಳಿನ ಗೋಡೆಯಿತ್ತು. ಹಾಡು ನಿಂತಿತು. ಮೈಮೇಲೆ ತಣ್ಣನೆಯ ಗಾಳಿ, ಹಸಿ ಮಣ್ಣಿನ ವಾಸನೆ. ಚಿದ್ರಿಯವರು ಕುಣಿಯುವುದನ್ನು ಬಿಟ್ಟು ಸಾಲೆಗೆ ನುಗ್ಗಿದರು.

ನರಸಿಂಗ ಪೆಂಡಾಲಿನ ಮೂಲೆಯಿಂದ ಅರಚಿದ: “ಅಣ್ಣಾ, ಹಗ್ಗ ಬಿಚ್ಚಲೇನು? ಬಟ್ಟಿ ಕೆಳಗ ಇಳಿಸಿದ್ರ ಉಳೀತದ!”

ಉಳಿಯುತ್ತಿತ್ತು. ನಾಲ್ಕು ಹಗ್ಗ ಬಿಚ್ಚಿದರೆ ಅವನ ಅನ್ನ ಉಳಿಯುತ್ತಿತ್ತು. ಗೌಸೋದ್ದೀನನಿಗೆ ಆ ಕ್ಷಣ ಆಸೆಯಾಯಿತು, ಸುಳ್ಳು ಯಾಕೆ ಹೇಳಬೇಕು. ಪೆಂಡಾಲಿಗೆ ಓಡಿಬಂದು ಹಗ್ಗಕ್ಕೆ ಕೈಯನ್ನೂ ಹಾಕಿಬಿಟ್ಟ. ಆಗಲೇ ಕನಾತಿನ ಹಿಂದಿನಿಂದ ಸೌಟು ಪಾತ್ರೆಗೆ ಬಡಿದ ಸದ್ದು ಕೇಳಿತು. ಅಡುಗೆಯವರು! ಒಲೆಯ ಸದ್ದಿನಲ್ಲಿ, ಬಟ್ಟೆಯ ಗೋಡೆಯ ಮರೆಯಲ್ಲಿ ಅವರಿಗೆ ಏನೂ ಗೊತ್ತಾಗಿರಲಿಲ್ಲ.

“ಹಗ್ಗ ಬಿಡು! ನೀ ಸಾಲಿಗೆ ಹೋಗು, ನಿನ್ನ ಕಾಲು ಓಡಂಗಿಲ್ಲ!” ಎಂದು ನರಸಿಂಗನನ್ನು ನೂಕಿ ಕನಾತು ಹರಿದು ಒಳನುಗ್ಗಿದ.

ನಾಲ್ವರು ಹೆಂಗಸರು, ಇಬ್ಬರು ಗಂಡಸರು. ಅನ್ನದ ಹಂಡೆ ಇಳಿಸುತ್ತಿದ್ದವರು ಅವನನ್ನು ನೋಡಿ ಕಕ್ಕಾಬಿಕ್ಕಿಯಾದರು. “ಬಿಡ್ರಿ, ಎಲ್ಲಾ ಬಿಡ್ರಿ, ನಡೀರಿ!” ಒಲೆಯ ಗ್ಯಾಸ್ ಬಂದ್ ಮಾಡಿ, ಒಬ್ಬಳ ಕೈ ಹಿಡಿದೆಳೆದ. ಬಯಲಿಗೆ ಬಂದು ಕೆಲವು ಮಾರು ಓಡಿದ್ದರು ಅಷ್ಟೇ. ಗಾಳಿ ಬಂತು.

ಹಿಂದೆ ಶಾಮಿಯಾನಾ ಒಮ್ಮೆ ಉಸಿರೆಳೆದುಕೊಂಡಂತೆ ಮೇಲಕ್ಕೆ ಉಬ್ಬಿತು. ಹಗ್ಗಗಳು ಪಟಪಟನೆ ಹರಿದವು. ಕಬ್ಬಿಣ ಕಬ್ಬಿಣಕ್ಕೆ ಬಡಿಯುವ ಸದ್ದು. ಅವನು ತಿರುಗಿ ನೋಡಲಿಲ್ಲ. ತಲೆಯ ಮೇಲೆ, ಬೆನ್ನ ಮೇಲೆ ಆಣೆಕಲ್ಲು ಬೀಳತೊಡಗಿತು. ಸಾಲೆಯ ಬಾಗಿಲಲ್ಲಿ ಯಾರೋ ನಿಂತು ಒಬ್ಬೊಬ್ಬರನ್ನೇ ಒಳಕ್ಕೆ ಎಳೆಯುತ್ತಿದ್ದರು. ಕೊನೆಯವನಾದ ಗೌಸೋದ್ದೀನನ ಕೊರಳಪಟ್ಟಿ ಹಿಡಿದು ಎಳೆದ ಮೇಲೆ ಅವನಿಗೆ ಗೊತ್ತಾಯಿತು, ಅದು ಕಾಶೀರಾಮ. ಬಾಗಿಲು ಹಾಕಿಕೊಂಡಾಗ ಹೊರಗೆ ಸಿಡಿಲು ಹೊಡೆದು, ಇಡೀ ಕಟ್ಟಡ ನಡುಗಿತು. ಮಕ್ಕಳು ಕಿರುಚಿದವು. ಕಿಟಕಿಯ ಗಾಜು ಒಡೆದು ಆಣೆಕಲ್ಲು ಕೋಣೆಯೊಳಗೇ ಉರುಳಿತು.

ಆ ಗದ್ದಲದಲ್ಲೇ ಭಾಗೀರಥಿಬಾಯಿ ಬುದ್ಧನನ್ನು ಮೇಷ್ಟರ ಮೇಜಿನ ಮೇಲೆ ಕೂರಿಸಿದಳು. “ಇನ್ನ ಯಾಕ ತಡಾ? ಗಂಡು ಬಂದಾನ, ಹೆಣ್ಣು ಬಂದಾಳ,” ಎಂದಳು. ಕರಿಹಲಗೆಯ ಮುಂದೆ ಕರುಣಾ ಮತ್ತು ಮದುಮಗ ನಿಂತರು. ಬಂತೇಜಿಯವರ ಮಾತು ಗುಡುಗಿನ ನಡುವೆ ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಪಂಚಶೀಲ ಹೇಳುವಾಗ ಎಲ್ಲರೂ ಗಂಟಲು ಹರಿಯುವಂತೆ ಹೇಳಿದರು. ಹೆದರಿದ ಜನ ಅಷ್ಟು ಗಟ್ಟಿಯಾಗಿ ಹೇಳಿದ ಪಂಚಶೀಲವನ್ನು ಗೌಸೋದ್ದೀನ ಎಲ್ಲಿಯೂ ಕೇಳಿರಲಿಲ್ಲ. ಮೂಲೆಯಲ್ಲಿ ಗೋಡೆಗೊರಗಿ, ನರಸಿಂಗನ ಪಕ್ಕದಲ್ಲಿ ಕುಳಿತಿದ್ದ. ಬದುಕಿನಲ್ಲಿ ಮೊದಲ ಸಲ ಒಬ್ಬ ಮದುಮಗನ ಮುಖವನ್ನು ಸರಿಯಾಗಿ ನೋಡಿದ. ಎಳೆಯ ಮುಖ. ಹೆದರಿ ಬಿಳಿಚಿಕೊಂಡಿತ್ತು.

ಬಂದಷ್ಟೇ ಬೇಗ ಹೊರಟುಹೋಯಿತು ಮೋಡ. ಬಾಗಿಲು ತೆರೆದಾಗ ಹೊಲವೆಲ್ಲ ಉಪ್ಪು ಚೆಲ್ಲಿದಂತೆ ಬೆಳ್ಳಗಿತ್ತು. ಪೆಂಡಾಲು ಇದ್ದ ಜಾಗದಲ್ಲಿ ಪೆಂಡಾಲಿರಲಿಲ್ಲ. ಬಟ್ಟೆ ಬೇವಿನ ಗಿಡಕ್ಕೆ ಸಿಕ್ಕಿ ಚಿಂದಿಯಾಗಿ ಜೋತಿತ್ತು, ಅರ್ಧ ಕೆಸರಿನಲ್ಲಿ ಬಿದ್ದಿತ್ತು. ಅಡುಗೆಯ ಹಂಡೆ ಮಗುಚಿ ಅನ್ನ ಮಣ್ಣಾಗಿತ್ತು. ಕುರ್ಚಿಗಳು ಬಾವಿಯವರೆಗೂ ಚೆಲ್ಲಿದ್ದವು. ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಮಾತ್ರ ಇದ್ದಲ್ಲೇ ಇತ್ತು. ಕಬ್ಬಿಣದ ಕಂಬವೊಂದು ಅದನ್ನು ಸೀಳಿಕೊಂಡು ಮೊಳದಷ್ಟು ನೆಲದೊಳಗೆ ಹೋಗಿ ನಿಂತಿತ್ತು. ಅದರ ಕೆಳಗೆ, ಕಂಬದ ಬುಡಕ್ಕೆ ಸಿಕ್ಕಿಕೊಂಡು, ಭಾಗೀರಥಿಬಾಯಿಯ ಬೀಸಣಿಗೆ ಬಿದ್ದಿತ್ತು.

ಗೌಸೋದ್ದೀನನ ಫೋನ್ ಹೊಡೆದುಕೊಂಡಿತು. ಸುಶೀಲಕುಮಾರ. “ಭಾಯಿ, ಆರಾಮ ಅದೀರಿಲ್ಲೋ? ಭಾಲ್ಕಿಯಾಗ ಹೊಲದಾಗಿದ್ದ ಮಂದಿ, ಸಂತಿ ಮಂದಿ ಎಲ್ಲಾ ಮೊದಲೇ ಒಳಗ ಸೇರಿದ್ರಂತ. ಈಗ ಅದು ಎತ್ತ ಹೊಂಟದ, ಹೇಳ್ತೀರೇನು?”

ಗೌಸೋದ್ದೀನ ಮೂಡಣಕ್ಕೆ ತಿರುಗಿದ. ಕಪ್ಪು ಬೆನ್ನು ತೋರಿಸಿಕೊಂಡು ಮೋಡ ಹೋಗುತ್ತಿತ್ತು. ಎಲ್ಲಿ ನಿಂತಿದ್ದೇನೆ, ಎತ್ತ ನೋಡುತ್ತಿದ್ದೇನೆ, ಏನು ಕಾಣುತ್ತಿದೆ ಎಂದು ಹೇಳಿದ. ಧ್ವನಿ ಅಲುಗಲಿಲ್ಲ. “ಜನವಾಡದವರಿಗೆ ಹೇಳ್ರಿ,” ಎಂದು ಮುಗಿಸಿದ.

ಆಮೇಲೆ ಕೆಸರಿನಲ್ಲಿ ಬಿದ್ದ ಬಟ್ಟೆಯ ಹತ್ತಿರ ಹೋಗಿ ನಿಂತ. ಇದು ಇನ್ನು ಯಾವ ಮದುವೆಗೂ ಆಗುವುದಿಲ್ಲ ಎಂದು ನೋಡಿದೊಡನೆ ಗೊತ್ತಾಗುತ್ತಿತ್ತು. ಆದರೂ ಕೈ ಸುಮ್ಮನಿರಲಿಲ್ಲ. ಬಗ್ಗಿ ಒಂದು ತುದಿ ಎತ್ತಿದ. ನೀರು ಕುಡಿದ ಬಟ್ಟೆ, ಹೆಣಭಾರ. ನರಸಿಂಗ ಎಲ್ಲಿದ್ದಾನೆಂದು ತಿರುಗಿ ನೋಡುವಷ್ಟರಲ್ಲಿ ಬಟ್ಟೆ ಹಗುರವಾಯಿತು.

ಇನ್ನೊಂದು ತುದಿಯಲ್ಲಿ ಕಾಶೀರಾಮ ನಿಂತಿದ್ದ. ಮಗಳ ಮದುವೆಗೆಂದು ಹೊಲಿಸಿದ ಬಿಳಿ ಅಂಗಿ ಮೊಣಕೈವರೆಗೆ ಕೆಸರಾಗಿತ್ತು. ಅವನ ಕಣ್ಣು ಗೌಸೋದ್ದೀನನ ಮೇಲಿರಲಿಲ್ಲ, ಕಂಬ ತೂರಿದ ಆ ಕುರ್ಚಿಯ ಮೇಲಿತ್ತು.

“ಅಲ್ಲಿ ನಮ್ಮವ್ವ ಕೂತಿದ್ಲು,” ಎಂದ.

ಔರಾದದಿಂದ ಈಚೆಗೆ ಒಮ್ಮೆಯೂ ಅಳದ ಗೌಸೋದ್ದೀನ, ಎರಡೂ ಕೈಯಲ್ಲಿ ಬಟ್ಟೆ ಇದ್ದುದರಿಂದ ಕಣ್ಣೊರೆಸಿಕೊಳ್ಳಲೂ ಆಗದೆ, ನಿಂತಲ್ಲೇ ಅತ್ತ.

“ಹಿಡೀರಿ ಭಾಯಿ, ಗಟ್ಟಿ ಹಿಡೀರಿ,” ಎಂದ ಕಾಶೀರಾಮ. “ಮಡಚೂನು.”

ಹರಿದ ಬಟ್ಟೆಯನ್ನು ಇಬ್ಬರೂ ಎಳೆದು ಬಿಗಿಮಾಡಿ, ತುದಿಗೆ ತುದಿ ಸೇರಿಸಿ, ಮೊದಲ ಮಡಿಕೆ ಹಾಕಿದರು.